ಸುಮ್ಮನೆ ಹೊರಟ ಸೈಕಲ್ ಸವಾರಿ

೧೭ ಜನವರಿ ೧೯೪೪, ಸೋಮವಾರ
ಆಲಸನತ್ತಂ

ಇಂಗ್ಲೆಂಡಿನ ದೊರೆಗೆ ಸೈಕಲ್ ತುಳಿಯುವುದನ್ನು ಕಲಿಸಿದವನು ನಾನು, ಆವುಲಪ್ಪ. ಮತ್ತಿಗಿರಿಯ ದನದ ಫಾರಮ್ಮಿನಲ್ಲಿದ್ದ ದೊರೆ ನನ್ನ ಸವಾರಿಯ ಠೀವಿ ನೋಡಿ, "ಇನ್ನು ನಾನು ಇದನ್ನು ಮುಟ್ಟುವುದು ಸರಿಯಲ್ಲ, ನೀನೇ ಇಟ್ಟುಕೋ" ಎಂದು ತನ್ನ ಸೈಕಲ್ಲನ್ನು ನನಗೆ ಕಾಣಿಕೆ ಕೊಟ್ಟುಬಿಟ್ಟ. ಜೊತೆಗೆ ಒಂದು ಖಾಕಿ ಕೋಟು, ಒಂದು ಚರ್ಮದ ಚೀಲ, ಮೊದಲ ಹಾಳೆಗಳನ್ನು ಹರಿದ ಈ ದಿನಚರಿ ಪುಸ್ತಕ.

ಇದನ್ನು ಓದುವವನು ನಾನೊಬ್ಬನೇ ಆದ್ದರಿಂದ ಇನ್ನೊಂದು ಮಾತನ್ನೂ ಬರೆದಿಡುತ್ತೇನೆ. ದೊರೆ ವರ್ಗವಾಗಿ ಹೋಗುವಾಗ ಸಾಮಾನು ಮಾರಿದ. ನಾನು ರಾಗಿ ಮಾರಿದ ದುಡ್ಡು ಕೊಟ್ಟು ಕೊಂಡುತಂದೆ. ತುಳಿಯಲು ಕಲಿತದ್ದು ಆಮೇಲೆ. ತಿಪ್ಪೆಗುಂಡಿಗೆ ಬಿದ್ದದ್ದು ಎರಡೇ ಸಲ.

ಆದರೆ ದೊರೆಯಿಂದ ನಾನು ಕಲಿತದ್ದೂ ಒಂದಿದೆ. ಭಾನುವಾರ ಬಂತೆಂದರೆ ಅವನು ಚೀಲದಲ್ಲಿ ಬ್ರೆಡ್ಡು ಹಾಕಿಕೊಂಡು ಸೈಕಲ್ ಹತ್ತುತ್ತಿದ್ದ. ಎಲ್ಲಿಗೆ ಎಂದರೆ ಎಲ್ಲಿಗೂ ಇಲ್ಲ. ಕೆರೆ ಕಂಡರೆ ಇಳಿಯುವುದು, ಏರಿಯ ಮೇಲೆ ಅಂಗಾತ ಮಲಗುವುದು, ಊರು ಬಂದರೆ ಅದರ ಹೆಸರು ಕೇಳಿ ಪುಸ್ತಕದಲ್ಲಿ ಬರೆದುಕೊಳ್ಳುವುದು, ಸಂಜೆಗೆ ವಾಪಸ್ಸು. ಒಮ್ಮೆ ನನಗೆ ತನ್ನ ಊರಿನ ಪಟ ತೋರಿಸಿದ್ದ. ಎರಡೂ ಕಡೆ ಬೇಲಿ, ನಡುವೆ ಸಣ್ಣ ದಾರಿ, ಆಚೆಗೆ ಬೋರಲು ಹಾಕಿದ ಮಂಕರಿಯಂಥ ದಿಣ್ಣೆ, ದಿಣ್ಣೆಯ ಮೇಲೆ ಕುರಿ. ಬೇಲಿಗೆ ಒಂದು ಸೈಕಲ್ ಒರಗಿತ್ತು. "ನಮ್ಮ ಕಡೆ ಜನ ಹೀಗೇ ಸುಮ್ಮನೆ ಹೋಗುತ್ತಾರೆ. ನಿಮ್ಮ ಹೊಸೂರೂ ನಮ್ಮೂರಿನ ಹಾಗೇ ಇದೆ" ಎಂದ. ನನಗೆ ನಗು ಬಂತು. ಅದು ನಮ್ಮ ಕೆಲಮಂಗಲದ ದಾರಿಯೇ. ಕುರಿಗಳು ಮಾತ್ರ ಸ್ವಲ್ಪ ಕೊಬ್ಬಿದ್ದವು.

ಕಣದ ಕೆಲಸ ಮುಗಿಯಿತು. ನಾನೂ ಹಾಗೇ ಹೋಗುವವನು. ಬುಧವಾರ ಹೊರಟು ಕೆಲಮಂಗಲ, ಡೆಂಕಣಿಕೋಟೆ, ಅಂಚೆಟ್ಟಿ, ಅಲ್ಲಿಂದ ಕಾಡೊಳಗಿನ ನಾಟ್ರಾಂಪಾಳ್ಯದ ತನಕ.

ಹೆಂಡತಿ ರಾಮಕ್ಕನಿಗೆ ಹೇಳಿದೆ.

"ಯಾರ ಮನೆಗೆ?"

"ಯಾರ ಮನೆಗೂ ಇಲ್ಲ."

"ಮತ್ತೇನು ಕೆಲ್ಸ?"

"ಕೆಲ್ಸ ಇಲ್ಲ ಕಣೇ. ಸುಮ್ನೆ."

"ಸುಮ್ನಿರಾಕೆ ಅಷ್ಟು ದೂರ ಯಾಕೆ ಹೋಗ್ಬೇಕು? ಜಗಲಿ ಮ್ಯಾಲೆ ದಿನಾ ಸುಮ್ನೇ ಇರ್ತೀರಲ್ಲ."

ತಂಗಿಯ ಮಗಳು ಭದ್ರಮ್ಮ ಸಂಕ್ರಾಂತಿಗೆ ಬಂದವಳು ಇನ್ನೂ ಇಲ್ಲೇ ಇದ್ದಾಳೆ. ಹೊಸದಾಗಿ ಮದುವೆಯಾದ ಹುಡುಗಿ, ಮೊಣಕೈ ತನಕ ಹಸಿರು ಬಳೆ. ನಾನು ಕೋಟು ತೊಟ್ಟು ನಿಂತದ್ದನ್ನು ನೋಡಿ ಬಾಯಿಗೆ ಸೆರಗು ತುರುಕಿಕೊಂಡು ನಕ್ಕಳು. "ಮಾವ, ಅದ್ರೊಳಗೆ ಇನ್ನೊಬ್ಬ ಮಾವ ಹಿಡೀತಾನೆ!"

ಹಿಡಿಯಲಿ. ಗಂಡಸಿಗೆ ಕೋಟು ದೊಡ್ಡದಿದ್ದರೆ ಊರು ಚಿಕ್ಕದಾಗಿ ಕಾಣುತ್ತದೆ.

೧೯ ಜನವರಿ, ಬುಧವಾರ
ಕೆಲಮಂಗಲ

ಆಹಾ! ಇಂಥ ದಿನವನ್ನು ನಾನು ಕಂಡಿರಲಿಲ್ಲ.

ಮತ್ತಿಗಿರಿ ದಾಟುವವರೆಗೂ ಮಂಜು. ಮುಂದಿನ ಚಕ್ರವೇ ಕಾಣದು. ಗಂಟೆ ಬಾರಿಸುತ್ತ ಹೋದೆ. ಮಂಜಿನೊಳಗಿಂದ ಒಂದು ಎತ್ತು ಕೆಮ್ಮಿತು. ಬಿಸಿಲೇರಿದ ಮೇಲೆ ಹುಣಸೆಮರದ ಸಾಲು ಒಂದೊಂದಾಗಿ ಹೊರಬಂತು. ಅವರೆ ಹೊಲದ ವಾಸನೆ ಎಷ್ಟೆಂದರೆ ಬಾಯಿ ತೆರೆದು ತುಳಿದರೆ ಸಾಕು, ಹೊಟ್ಟೆ ತುಂಬುತ್ತದೆ. ಕೆರೆ ಕಂಡಲ್ಲೆಲ್ಲ ಇಳಿದೆ. ಏರಿಯ ಮೇಲೆ ಮಲಗಿದೆ. ನಲವತ್ತೆಂಟು ವರ್ಷ ಈ ತಾಲ್ಲೂಕಿನಲ್ಲೇ ಇದ್ದು, ಕೆರೆಯಲ್ಲಿ ದನ ತೊಳೆದಿದ್ದೇನೆ, ಮೀನು ಕದ್ದಿದ್ದೇನೆ, ಸುಮ್ಮನೆ ನೋಡಿರಲಿಲ್ಲ. ನೀರುಕೋಳಿಗಳು ತಮ್ಮ ಪಾಡಿಗೆ ಮುಳುಗಿ ಏಳುತ್ತಿದ್ದವು. ಅವೂ ಇಂಗ್ಲೆಂಡಿನವರ ಹಾಗೆಯೇ, ಯಾವ ಕೆಲಸವೂ ಇದ್ದಂತಿಲ್ಲ.

ಕೆಲಮಂಗಲದ ಹೊರಗೆ ಒಬ್ಬ ಮುದುಕ ಎಮ್ಮೆ ಬಿಟ್ಟು ಓಡಿಬಂದ.

"ಯಾರು ಹೋದ್ರಪ್ಪಾ?"

"ಯಾರೂ ಹೋಗಿಲ್ಲ ತಾತ."

"ಮತ್ತೆ ಸೈಕಲ್‌ನಾಗೆ ಬಂದಿದ್ದೀಯ?"

ಈ ಕಡೆ ಹೊಸಬನೊಬ್ಬ ಸೈಕಲ್ಲಿನಲ್ಲಿ ಬಂದನೆಂದರೆ ಸಾವಿನ ಸುದ್ದಿಯೇ. ಒಳ್ಳೆಯ ಸುದ್ದಿ ಹೊತ್ತವನು ನಡೆದೇ ಬರುತ್ತಾನೆ. ಯುದ್ಧ ಶುರುವಾದ ಮೇಲಂತೂ ತಂತಿಯವನು ಬಂದ ಊರಿನಲ್ಲಿ ಅವತ್ತು ಒಲೆ ಹಚ್ಚುವುದಿಲ್ಲ. "ನಾನು ಸುಮ್ನೆ ಬಂದೆ ತಾತ" ಎಂದೆ. ಮುದುಕ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಸುಮ್ನೆ ಬರೋರನ್ನ ನಾನು ಕಂಡಿಲ್ಲ ಕಣ್ಲಾ" ಎಂದು ಎಮ್ಮೆಯ ಕಡೆ ಹೋದ.

೨೦ ಜನವರಿ, ಗುರುವಾರ
ಡೆಂಕಣಿಕೋಟೆ

ಕೋಟಿನ ಮಹಿಮೆ ಈಗ ತಿಳಿಯಿತು. "ಸುಮ್ನೆ ಬಂದೆ" ಎಂದರೆ ಕಳ್ಳನನ್ನು ನೋಡಿದ ಹಾಗೆ ನೋಡುತ್ತಾರೆ. "ಸರ್ಕಾರದೋನು" ಎಂದರೆ ಮಜ್ಜಿಗೆ ಬರುತ್ತದೆ. ಇವತ್ತು ಮೂರು ಊರಿನಲ್ಲಿ ಸರ್ಕಾರದವನಾದೆ. ಮೊದಲನೆಯ ಊರಿನಲ್ಲಿ ಮಜ್ಜಿಗೆ. ಎರಡನೆಯದರಲ್ಲಿ ಮಜ್ಜಿಗೆ, ಕಬ್ಬು. ಮೂರನೆಯದರಲ್ಲಿ ಒಬ್ಬ ಕೈಮುಗಿದು ತನ್ನ ಗಡಿಕಲ್ಲಿನ ಜಗಳ ಹೇಳಿಕೊಂಡ. ಪುಸ್ತಕ ತೆಗೆದು ಬರೆದುಕೊಂಡ ಹಾಗೆ ಮಾಡಿ, "ನೋಡೋಣ" ಎಂದೆ. ಪಾಪ, ಅಷ್ಟಕ್ಕೇ ಅವನ ಮುಖ ಅರಳಿತು.

ಕಲೆಕ್ಟರನೂ ಹೀಗೇ ಮಾಡುತ್ತಿರಬೇಕು. ನನಗೆ ಇಷ್ಟು ದಿನ ಗೊತ್ತಿರಲಿಲ್ಲ, ಅಷ್ಟೇ.

೨೨ ಜನವರಿ, ಶನಿವಾರ
ಅಂಚೆಟ್ಟಿ

ನಾಟ್ರಾಂಪಾಳ್ಯಕ್ಕೆ ಹೋಗಿ ಬಂದೆ. ಊರು ಚೆನ್ನಾಗಿದೆ. ಬಿಸಿಲು ಜಾಸ್ತಿ.

೨೩ ಜನವರಿ, ಭಾನುವಾರ
ಡೆಂಕಣಿಕೋಟೆ ಛತ್ರ

ನಿನ್ನೆ ಬರೆದದ್ದು ಸುಳ್ಳಲ್ಲ. ಆದರೆ ಬರೆಯದೆ ಬಿಟ್ಟದ್ದು ಊಟ ಸೇರಲು ಬಿಡುತ್ತಿಲ್ಲ.

ನಾಟ್ರಾಂಪಾಳ್ಯದ ಮೊದಲನೆಯ ಮನೆ. ಜಗಲಿಯ ಮೇಲೆ ಒಬ್ಬ ಮುದುಕಿ ಮೊರದಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ದೊಡ್ಡಮುನಿಯಮ್ಮ ಎಂದು ಆಮೇಲೆ ತಿಳಿಯಿತು. ನಾನು ಗಂಟೆ ಬಾರಿಸಿ ಇಳಿದೆ. ಕೋಟು ಕಂಡು ಎದ್ದು ನಿಂತಳು.

"ಸರ್ಕಾರದೋರಾ ಸ್ವಾಮಿ?"

"ಹೂಂ ಕಣಮ್ಮ."

ಮಜ್ಜಿಗೆ ಬಂತು. ಕುಡಿದು, ದೊರೆಯ ಹಾಗೆ ಚೀಲದಿಂದ ಪುಸ್ತಕ ತೆಗೆದು ಊರ ಹೆಸರು ಬರೆಯತೊಡಗಿದೆ.

"ನನ್ ಮಗ ಚೆನ್ನಕೇಶವ ಪಟಾಲಮ್ಮಿಗೆ ಸೇರವ್ನೆ ಸ್ವಾಮಿ. ನಿಮಗ್ ಗೊತ್ತಾ?"

"ಚೆನ್ನಕೇಶವನಾ? ಗೊತ್ತಿಲ್ದೆ ಏನು! ಚೆನ್ನಾಗಿ ಗೊತ್ತು."

ಯಾರ ಹೆಸರು ಹೇಳಿದರೂ ಗೊತ್ತು ಎನ್ನುವುದು ನನ್ನ ಬಾಯಿಗೆ ಅಂಟಿದ ಚಾಳಿ. ತಹಸೀಲ್ದಾರನೂ ಗೊತ್ತು, ತಹಸೀಲ್ದಾರನ ಮಾವನೂ ಗೊತ್ತು.

"ದೀವಳಿಗೆಗೆ ಮುಂಚೆ ಕಾಗ್ದ ಬಂದಿದ್ದು. ಆಮೇಲಿಲ್ಲ. ಹೆಂಗವ್ನೆ ಸ್ವಾಮಿ?"

ಚೆನ್ನಾಗಿದ್ದಾನೆ ಎಂದರೆ ಎಲ್ಲಿ ಕಂಡಿರಿ ಎನ್ನುತ್ತಾಳೆ. ಬರ್ಮಾ ಎನ್ನಲೇ? ಬರ್ಮಾದಿಂದ ಸೈಕಲ್ಲಿನಲ್ಲಿ ಬಂದೆನೆ? ಸುಳ್ಳು ಹುಡುಕುತ್ತ ಪುಸ್ತಕದ ಮೇಲೆ ಕಣ್ಣಿಟ್ಟು ಕೂತೆ. ಒಂದು ಸುಳ್ಳಿಗೆ ನಾನು ಇಷ್ಟು ಹೊತ್ತು ತೆಗೆದುಕೊಂಡದ್ದೇ ಇಲ್ಲ. ತಲೆ ಎತ್ತಿದಾಗ ಅವಳು ನನ್ನ ಕೋಟು ನೋಡುತ್ತಿದ್ದಳು. ಆಮೇಲೆ ಸೈಕಲ್ ನೋಡಿದಳು. ಆಮೇಲೆ ಪುಸ್ತಕ. ಮೊರ ಕೈಜಾರಿ ಅವರೆಕಾಳು ಅಂಗಳಕ್ಕೆಲ್ಲ ಉರುಳಿತು.

"ಹೋಗ್ಬುಟ್ನಾ ನನ್ನಪ್ಪಾ?"

"ಅಲ್ಲ ಕಣಮ್ಮ" ಎಂದೆ ಎಂದು ಇಲ್ಲಿ ಬರೆಯಲು ಹೊರಟಿದ್ದೆ. ಅನ್ನಲಿಲ್ಲ. ಅಲ್ಲ ಎಂದರೆ ನೀನ್ಯಾರು ಎಂದು ಕೇಳುತ್ತಾರೆ, ಸರ್ಕಾರದವನಲ್ಲ ಎಂದು ತಿಳಿದರೆ ಹೊಡೆಯುತ್ತಾರೆ ಎಂದು ಹೆದರಿದೆ. ಅಷ್ಟರಲ್ಲಿ ಅವಳು ಎದೆ ಬಡಿದುಕೊಂಡಾಗಿತ್ತು. ನೀರಿಗೆ ಹೋಗಿದ್ದ ಸೊಸೆ ಬಿಂದಿಗೆ ಹೊತ್ತು ಬಾಗಿಲಿಗೆ ಬಂದಳು. ಭದ್ರಮ್ಮನ ವಯಸ್ಸು. ಓಡಿಬಂದ ನೆರೆಯವರಲ್ಲಿ ಯಾರೋ "ಅಯ್ಯೋ ಆದಿಲಕ್ಷ್ಮಮ್ಮಾ, ನಿನ್ ಕರ್ಮವೇ" ಎಂದು ಕೂಗಿದರು. ಅವಳು ಅಳಲಿಲ್ಲ. ಬಿಂದಿಗೆಯನ್ನು ಇಳಿಸುವುದಕ್ಕೂ ಗೊತ್ತಾಗದೆ ಹೊತ್ತುಕೊಂಡೇ ನಿಂತಿದ್ದಳು. ನೀರು ತುಳುಕಿ ಮುಖದ ಮೇಲೆ ಇಳಿಯುತ್ತಿತ್ತು.

ನಾನು ಸೈಕಲ್ಲಿನ ಕಡೆ ಹೊರಟೆ. ದೊಡ್ಡಮುನಿಯಮ್ಮ ಅಳುತ್ತಲೇ ಎದ್ದುಬಂದು ಸೆರಗಿನ ಗಂಟು ಬಿಚ್ಚಿದಳು. "ಬಿಸಿಲಾಗೆ ಬಂದಿದ್ದೀಯ. ಬರಿಗೈಲಿ ಹೋಗ್ಬ್ಯಾಡ." ಸಾವಿನ ಸುದ್ದಿ ತಂದವನನ್ನು ಬರಿಗೈಯಲ್ಲಿ ಕಳಿಸಿದರೆ ಅವನು ಮತ್ತೊಂದು ಸುದ್ದಿ ತರುತ್ತಾನೆ ಎಂದು ಆ ಕಡೆಯವರು ನಂಬುತ್ತಾರೆ. ಕೈಗೆ ಏನೋ ಕಾಸು ಹಾಕಿದಳು. ಎಷ್ಟು ಎಂದು ನೋಡಲಿಲ್ಲ.

ಇಲ್ಲಿ ಛತ್ರದ ಜಗಲಿಯಲ್ಲಿ ಇಸ್ಪೀಟು ನಡೆಯುತ್ತಿತ್ತು. ಕೂತೆ. ಸೋತೆ.

೨೫ ಜನವರಿ, ಮಂಗಳವಾರ
ಆಲಸನತ್ತಂ

ಮನೆಗೆ ಬಂದೆ. ರಾಮಕ್ಕ ಮುಖ ನೋಡಿದ ಕೂಡಲೇ "ಏನಾಯ್ತು?" ಎಂದಳು. ಏನಾದರೂ ಹೇಳಲೇಬೇಕಾಯಿತು.

"ಡೆಂಕಣಿಕೋಟೇಲಿ ಇಸ್ಪೀಟಾಡಿ ನೂರು ರೂಪಾಯಿ ಕಳ್ಕೊಂಡೆ ಕಣೇ. ಬೆಂಗಳೂರಿನ ಕಂಟ್ರಾಕ್ಟರು. ಚಿನ್ನದ ಗುಂಡಿಯ ಅಂಗಿ. ಅಂಥೋನ ಎದುರಿಗೆ ಕೂತು ಸೋತೆ."

ಅವಳು ಒಲೆ ಊದುವುದನ್ನು ನಿಲ್ಲಿಸಿದಳು. "ನೂರು ರೂಪಾಯಿ ನಿಮ್ಮತ್ರ ಯಾವತ್ತಿತ್ತು?"

"ಇತ್ತು. ನಿನಗೆ ಹೇಳಿರ್ಲಿಲ್ಲ."

"ಹಂಗಾದ್ರೆ ಹೋಗಿದ್ದೂ ಹೇಳ್ಬ್ಯಾಡಿ. ಇದ್ದಿದ್ದೇ ಗೊತ್ತಿಲ್ದೆ ಇರೋಳಿಗೆ ಹೋಗಿದ್ದು ಯಾಕೆ?"

ಭದ್ರಮ್ಮ ಮಾತ್ರ ನಗಲಿಲ್ಲ. "ಮಾವ, ನೂರು ಹೋದ್ರೆ ಹೋಗ್ಲಿ. ನೀನು ಹಿಂಗೆ ತಲೆ ತಗ್ಗಿಸ್ಕೊಂಡು ಕೂತಿದ್ದು ನಾನು ನೋಡೇ ಇಲ್ಲ" ಎಂದು ತಟ್ಟೆಯನ್ನು ಮುಂದಕ್ಕೆ ತಳ್ಳಿದಳು. ಬಳೆ ಗಲಗಲ ಎಂದವು. ಮುದ್ದೆ ಮುರಿಯಲು ಆಗಲಿಲ್ಲ.

೨೭ ಜನವರಿ, ಗುರುವಾರ

ನೂರು ಎನ್ನಬಾರದಿತ್ತು. ಅರವತ್ತು ಎಂದಿದ್ದರೆ ನಂಬುತ್ತಿದ್ದಳು.

ಸೈಕಲ್ಲನ್ನು ಹುಲ್ಲಿನ ಮೆದೆಯ ಹಿಂದೆ ನಿಲ್ಲಿಸಿದ್ದೇನೆ. ಕೋಟು ಅಟ್ಟದ ಮೇಲೆ.

೨೯ ಜನವರಿ, ಶನಿವಾರ

ಶ್ಯಾಮಣ್ಣ ಬಂದಿದ್ದ. ಅಂಚೆಟ್ಟಿ ಕಾಡಿನಿಂದ ಗಾಡಿಯಲ್ಲಿ ಬಿದಿರು ತಂದು ಹೊಸೂರಿನಲ್ಲಿ ಮಾರುವವನು. ನನ್ನ ಹಳೆಯ ಗೆಳೆಯ, ನನ್ನ ಒಂದು ಮಾತನ್ನೂ ನಂಬದವನು. ಜಗಲಿಯ ಮೇಲೆ ಕೂತು ಎಲೆಯಡಿಕೆ ಹಾಕಿಕೊಳ್ಳುತ್ತ ಹೇಳಿದ.

"ನಾಟ್ರಾಂಪಾಳ್ಯದಾಗೆ ಒಂದು ಹುಡುಗ ಯುದ್ಧದಾಗೆ ಹೋಗ್ಬುಟ್ಟ ಕಣ್ಲಾ. ಮಿಲಿಟರಿ ಆಫೀಸರೇ ಸೈಕಲ್ಲಿನಾಗೆ ಬಂದು ಹೇಳ್ಬುಟ್ಟು ಹೋದ್ನಂತೆ. ಆರಡಿ ಆಳಂತೆ."

"ಕಾಗದ ಕೊಟ್ಟನಾ?" ಎಂದೆ.

"ಕೊಡ್ಲಿಲ್ಲವಂತೆ. ಚೀಲದಾಗಿತ್ತು, ನಾವೇ ಕಂಡ್ವಿ ಅಂತಾರೆ ಊರೋರು. ಹೆಣ ಇಲ್ಲ, ಏನಿಲ್ಲ. ಸುದ್ದಿ ಕೇಳಿದ ದಿನದಿಂದ್ಲೇ ಲೆಕ್ಕ ಹಿಡಿದವ್ರೆ. ಮಂಗಳವಾರ ಹನ್ನೊಂದು. ಅವತ್ತು ಆ ಹೆಣ್ಣಿನ ಬಳೆ ತೆಗೀತಾರೆ. ಮದ್ವೆಯಾಗಿ ಒಂದೊರ್ಸ ಆಗಿಲ್ಲ."

ಒಳಗೆ ಭದ್ರಮ್ಮ ಪಾತ್ರೆ ತೊಳೆಯುತ್ತಿದ್ದಳು. ಆ ಕೈಯ ಬಳೆಯ ಸದ್ದು ಒಂದು ಗಳಿಗೆ ನಿಂತಿತು. ಕೇಳಿಸಿಕೊಂಡಿರಬೇಕು.

"ಯಾಕ್ಲಾ ಬೆವರ್ತಿದ್ದೀಯ? ನೂರು ರೂಪಾಯಿ ನೆನಪಾಯ್ತಾ?" ಎಂದು ಶ್ಯಾಮಣ್ಣ ನಕ್ಕ. ರಾಮಕ್ಕ ಊರಿಗೆಲ್ಲ ಹೇಳಿದ್ದಾಳೆ.

"ನೂರಲ್ಲ. ಇಪ್ಪತ್ತು."

"ನೋಡ್ದಾ! ನಾಳೆಗೆ ಎರಡಾಯ್ತದೆ."

ಅವನು ಹೋದ ಮೇಲೆ ಕೂತು ಯೋಚಿಸಿದೆ. ಯಾರ ಕೈಲಾದರೂ ಹೇಳಿಕಳಿಸಬಹುದು. ಶ್ಯಾಮಣ್ಣನ ಕೈಲೇ ಹೇಳಿಕಳಿಸಬಹುದು. ಅವನು ನನ್ನ ಮಾತು ನಂಬುವುದಿಲ್ಲ. ನಂಬಿದರೂ ಮಂಗಳವಾರದೊಳಗೆ ಅವನ ಎತ್ತು ಅಲ್ಲಿಗೆ ಮುಟ್ಟುವುದಿಲ್ಲ. ಅಷ್ಟು ಬೇಗ ಮುಟ್ಟುವಂಥದ್ದು ಹುಲ್ಲಿನ ಮೆದೆಯ ಹಿಂದೆ ನಿಂತಿದೆ.

೩೧ ಜನವರಿ, ಸೋಮವಾರ
ಅಂಚೆಟ್ಟಿ

ನಿನ್ನೆ ಬೆಳಗ್ಗೆ ಹೊರಟೆ. ರಾಮಕ್ಕನಿಗೆ ಹೇಳಿದೆ, ಕೆಲಸವಿದೆ ಎಂದು. ಎಲ್ಲಿಗೆ ಎಂದು ಅವಳು ಕೇಳಲಿಲ್ಲ. ರೊಟ್ಟಿ ಕಟ್ಟಿಕೊಟ್ಟಳು. ಭದ್ರಮ್ಮ ಕೋಟು ತಂದಳು. ಬೇಡವೆಂದೆ. ಪಂಚೆ, ಅಂಗಿ, ತಲೆಗೆ ಟವಲು.

ಅದೇ ದಾರಿ. ಕೆರೆಗಳು ಇದ್ದವೋ ಇಲ್ಲವೋ ನೋಡಲಿಲ್ಲ. ಕೆಲಮಂಗಲದ ಮುದುಕ ಎಮ್ಮೆಯ ಮೇಲೆ ಕೂತಿದ್ದವನು ಮತ್ತೆ ಕೂಗಿದ, "ಯಾರು ಹೋದ್ರಪ್ಪಾ?" ನಾನು ತುಳಿಯುತ್ತಲೇ ಹೋದೆ.

ಡೆಂಕಣಿಕೋಟೆಯ ಛತ್ರದಲ್ಲಿ ಇಳಿದು ಆವತ್ತು ಇಸ್ಪೀಟಾಡಿದವರನ್ನು ಹುಡುಕಿದೆ. ಕಂಟ್ರಾಕ್ಟರು ಯಾರೂ ಇರಲಿಲ್ಲ, ಆವತ್ತೂ ಇರಲಿಲ್ಲ. ಗಾಡಿ ಹೊಡೆಯುವವರು. ಅವರು ಧರ್ಮಪುರಿಯ ಕಡೆಗೆ ಹೋಗಿ ನಾಲ್ಕು ದಿನವಾಯಿತಂತೆ. ಛತ್ರದ ಅಡುಗೆಯವಳು ಶ್ಯಾಮಲಮ್ಮ, "ಬಹಳ ಕಳ್ಕೊಂಡ್ರಾ?" ಎಂದಳು. "ಐದು ರೂಪಾಯಿ" ಎಂದೆ. ಬಾಯಿಂದ ಅದೇ ಬಂತು.

ಇವತ್ತು ಘಾಟಿ ಇಳಿಯುವಾಗ ಹಿಂದಿನ ಚಕ್ರಕ್ಕೆ ಮುಳ್ಳು ಹೊಕ್ಕಿತು. ಯುದ್ಧದ ಕಾಲ, ಟ್ಯೂಬು ಎಲ್ಲಿಯೂ ಇಲ್ಲ. ಹಳೆಯ ತೇಪೆಯೂ ಬಿಟ್ಟುಕೊಂಡಿತು. ಅಲ್ಲಿಂದ ಸೈಕಲ್ಲನ್ನು ತಳ್ಳಿಕೊಂಡು ನಡೆದೆ. ಬಿದಿರು ಗಾಡಿಯವರು ನಗುತ್ತ ಹೋದರು. ನಗಲಿ. ನಾಳೆ ಬೆಳಕು ಹರಿಯುವ ಮುಂಚೆ ಏಳಬೇಕು. ಸೈಕಲ್ಲನ್ನು ಇಲ್ಲೇ ಬಿಟ್ಟು ಹೋಗೋಣ ಎಂದುಕೊಂಡೆ. ಬೇಡ. ಅದನ್ನು ಕಂಡರೇ ಅವರಿಗೆ ನಾನು ಯಾರೆಂದು ಗುರುತು ಸಿಗುವುದು.

೧ ಫೆಬ್ರವರಿ, ಮಂಗಳವಾರ
ನಾಟ್ರಾಂಪಾಳ್ಯದಿಂದ ಬರುವ ದಾರಿ

ಮರದ ಕೆಳಗೆ ಕೂತು ಬರೆಯುತ್ತಿದ್ದೇನೆ.

ಮುಟ್ಟಿದಾಗ ಬಿಸಿಲೇರಿತ್ತು. ಮನೆಯ ಹಿಂದೆ ಬಾವಿಯ ಹತ್ತಿರ ಹೆಂಗಸರು ನೆರೆದಿದ್ದರು. ಆದಿಲಕ್ಷ್ಮಮ್ಮನನ್ನು ಮಣೆಯ ಮೇಲೆ ಕೂರಿಸಿದ್ದರು. ಕೆನ್ನೆಗೆ ಅರಿಸಿನ, ಹಣೆ ತುಂಬ ಕುಂಕುಮ, ತಲೆ ತುಂಬ ಹೂವು, ಕೈ ತುಂಬ ಬಳೆ. ತೆಗೆಯುವ ಮುಂಚೆ ಒಂದು ಸಲ ಎಲ್ಲವನ್ನೂ ತುಂಬುತ್ತಾರೆ. ಮದುವೆಯ ದಿನವೂ ಅವಳು ಹೀಗೇ ಕೂತಿದ್ದಿರಬೇಕು. ಪಕ್ಕದಲ್ಲಿ ಒಬ್ಬ ಮುದುಕಿ ಕಲ್ಲು ಹಿಡಿದು ನಿಂತಿದ್ದಳು.

"ನಿಲ್ಸಿ!" ಎಂದೆ. ಹೆಂಗಸರ ಅಳುವಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಸೈಕಲ್ಲಿನ ಗಂಟೆ ಬಾರಿಸಿದೆ. ಆ ಗಂಟೆಗೆ ಎಲ್ಲರೂ ತಿರುಗಿದರು. ದೊಡ್ಡಮುನಿಯಮ್ಮ ಮೊದಲು ಸೈಕಲ್ ನೋಡಿದಳು, ಆಮೇಲೆ ನನ್ನನ್ನು.

"ಇನ್ನೂ ಏನು ತಂದಿದ್ದೀಯಪ್ಪಾ?"

"ಏನೂ ತಂದಿಲ್ಲ ಕಣವ್ವಾ. ಆವತ್ತೂ ಏನೂ ತಂದಿರ್ಲಿಲ್ಲ. ನಾನು ಸರ್ಕಾರದೋನಲ್ಲ. ಆಲಸನತ್ತದ ಆವುಲಪ್ಪ, ಬೇಸಾಯ ಮಾಡೋನು. ಸುಮ್ನೆ ಸೈಕಲ್ ತುಳ್ಕೊಂಡು ಬಂದಿದ್ದೆ."

"ಸುಮ್ನೆ?"

"ಸುಮ್ನೆ."

"ನನ್ ಮಗ ಗೊತ್ತು ಅಂದ್ಯಲ್ಲ?"

"ಸುಳ್ಳು. ಅವನ ಹೆಸರು ನಿನ್ ಬಾಯಲ್ಲೇ ನಾನು ಮೊದ್ಲು ಕೇಳಿದ್ದು."

ಯಾರೋ ಗಂಡಸು ನನ್ನ ಕೊರಳಪಟ್ಟಿ ಹಿಡಿದ. ಬೆನ್ನಿಗೆ ಎರಡು ಬಿತ್ತು. ನೋವಾಗಲಿಲ್ಲ, ಆವತ್ತು ಇದಕ್ಕೇ ಹೆದರಿದ್ದೆನಲ್ಲ ಎನಿಸಿತು. ದೊಡ್ಡಮುನಿಯಮ್ಮ ಅವನ ಕೈ ಬಿಡಿಸಿದಳು, ಕನಿಕರದಿಂದ ಅಲ್ಲ, ಕೇಳಲು.

"ಹಂಗಾದ್ರೆ ನನ್ ಮಗ ಬದುಕವ್ನಾ?"

ಹೌದು ಎಂಬುದು ನಾಲಿಗೆಯ ತುದಿಗೆ ಬಂದಿತ್ತು. ಹೇಳಿಬಿಟ್ಟರೆ ಇವರೆಲ್ಲ ಈಗಲೇ ನಗುತ್ತಾರೆ, ನನಗೆ ಪಾಯಸವೂ ಸಿಗುತ್ತದೆ. ಆ ಹುಡುಗಿ ಮಣೆಯ ಮೇಲಿಂದ ನನ್ನ ಬಾಯನ್ನೇ ನೋಡುತ್ತಿದ್ದಳು.

"ಗೊತ್ತಿಲ್ಲ ಕಣವ್ವಾ" ಎಂದೆ. "ನನಗೆ ಗೊತ್ತಿಲ್ಲ."

ಆಮೇಲೆ ಆದಿಲಕ್ಷ್ಮಮ್ಮ ತಾನೇ ಎದ್ದಳು. ಕಲ್ಲು ಹಿಡಿದಿದ್ದ ಮುದುಕಿ "ಕೂತ್ಕ ತಾಯಿ, ಹಿರೀಕರು ಏನಂತಾರೋ ಕೇಳಾನ" ಎಂದಳು. "ದನ ಇನ್ನೂ ಕೊಟ್ಟಿಗೇಲೇ ಅವೆ" ಎಂದು ಹೇಳಿ ಆದಿಲಕ್ಷ್ಮಮ್ಮ ಹೂವು ಕುಂಕುಮದ ಸಮೇತ ಕೊಟ್ಟಿಗೆಗೆ ಹೋದಳು. ಹಗ್ಗ ಬಿಚ್ಚುವಾಗ ಬಳೆಯ ಸದ್ದು ಬಾವಿಯ ತನಕ ಕೇಳಿಸಿತು. ನನ್ನ ಕಡೆ ಒಂದು ಸಲವೂ ನೋಡಲಿಲ್ಲ.

ದೊಡ್ಡಮುನಿಯಮ್ಮ ನನ್ನ ಮುಂದೆ ಬಂದು ಸೆರಗನ್ನು ಎರಡೂ ಕೈಯಲ್ಲಿ ಒಡ್ಡಿದಳು.

"ನಾನ್ ಕೊಟ್ಟ ಕಾಸು ಹಾಕು."

ಕೊಂಡಪ್ಪ ಎಂಬ ಆ ಊರಿನ ಹಿರಿಯ ಹೇಳಿದ, "ಸಾವಿನ ಕಾಸು ಬಂದ ಗಂಟಿಗೇ ವಾಪಸ್ ಬೀಳ್ಬೇಕು. ನಿನ್ನತ್ರ ಇರೋಗಂಟ ಸಾವಿನ ಸುದ್ದಿ ಸುಳ್ಳಾಗಾಕಿಲ್ಲ."

ನನ್ನ ಬಳಿ ಐದು ರೂಪಾಯಿಯ ನೋಟಿತ್ತು. ತೆಗೆದು ಹಾಕಿದೆ. ಅವಳು ಸೆರಗು ಕೊಡವಿದಳು. ನೋಟು ನೆಲಕ್ಕೆ ಬಿತ್ತು.

"ನಿನ್ ನೋಟು ಯಾರಿಗೆ ಬೇಕು? ನನ್ ಮಗ ಕಳಿಸಿದ ಕಾಸು ಅದು. ಅದನ್ನ ಹಾಕು."

"ಇಲ್ಲ ಕಣವ್ವಾ. ಇಸ್ಪೀಟಿನಾಗೆ ಕಳ್ದೆ."

ಒಬ್ಬ ನಕ್ಕ, ಕೆಟ್ಟದಾಗಿ. ದೊಡ್ಡಮುನಿಯಮ್ಮ ಸೆರಗನ್ನು ಇಳಿಸಲಿಲ್ಲ.

"ಎಷ್ಟು ಕಳ್ದೆ? ಈ ಜನದ ಮುಂದೆ ಹೇಳು. ನಾನು ಎಷ್ಟು ಕೊಟ್ಟೆ ಅಂತಾನಾದ್ರೂ ನೋಡ್ದಾ ನೀನು?"

ನೋಡಿದ್ದೆ. ನೋಡಲಿಲ್ಲ ಎಂದು ಈ ಪುಸ್ತಕದಲ್ಲಿ ಬರೆದದ್ದು ಸುಳ್ಳು. ಊರು ದಾಟಿದ ಮೇಲೆ ಮೊದಲನೆಯ ತಿರುವಿನಲ್ಲೇ ಸೈಕಲ್ ನಿಲ್ಲಿಸಿ ಅಂಗೈ ಬಿಚ್ಚಿ ನೋಡಿದ್ದೆ. ಒಂದು ಎಂಟಾಣೆ, ಒಂದು ನಾಕಾಣೆ, ಒಂದು ಆಣೆ. ಸೆರಗಿನ ಬೆವರಿಗೆ ಇನ್ನೂ ಬಿಸಿಯಾಗಿದ್ದವು. ಛತ್ರದಲ್ಲಿ ಅವನ್ನು ಒಂದೇ ಆಟಕ್ಕೆ ಹಾಕಿದ್ದೆ. ಗೆಲ್ಲಲಿ ಎಂದಲ್ಲ, ಹೋಗಲಿ ಎಂದು.

"ಹದಿಮೂರಾಣೆ, ಅವ್ವಾ" ಎಂದೆ.